ಆಸ್ಪತ್ರೆ ಚೀಲದ ತಿಂಡಿ ಡಬ್ಬಿ: ನಾನು ಕಟ್ಟಿಕೊಂಡ ರೀತಿ

ಹೆರಿಗೆಗೆ ಹೋಗುವಾಗ ಏನೇನು ಒಯ್ಯಬೇಕು ಅಂತ ಕೇಳಿದರೆ ಪಟ್ಟಿ ಕೊಡುವವರಿಗೆ ಬರವಿಲ್ಲ. ಕೂಸಿನ ಅಂಗಿ, ಹಳೆಯ ಕಾಟನ್ ಸೀರೆಯ ತುಂಡುಗಳು, ಮುಂದೆ ಗುಂಡಿ ಇರುವ ನೈಟಿ, ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಆಧಾರ್. ಕಟ್ಟಕಡೆಗೆ ಒಂದು ಸಾಲು: ಸ್ವಲ್ಪ ತಿಂಡಿ. ಆ ಸ್ವಲ್ಪ ಅಂದರೆ ಎಷ್ಟು, ಯಾವುದು, ಯಾರಿಗೆ, ಯಾವ ಹೊತ್ತಿಗೆ? ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಹಸಿವು ತಡೆಯುವವಳಲ್ಲ. ಹೊಟ್ಟೆ ಖಾಲಿಯಾದರೆ ಮೊದಲು ತಲೆನೋವು, ಆಮೇಲೆ ಸಿಟ್ಟು. ಹಾಗಾಗಿ ಆ ಒಂದು ಸಾಲಿಗೇ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ.

ನನಗೆ ಗೊತ್ತಾದ ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೀಲದಲ್ಲಿಡುವ ತಿಂಡಿ ನೋವು ತಿನ್ನುವ ಹೊತ್ತಿಗೆ ಬೇಕಾಗುವುದು ಬಹಳ ಕಡಿಮೆ. ಅದು ಬೇಕಾಗುವುದು ಕೂಸು ಹುಟ್ಟಿದ ಮೇಲಿನ ಮೊದಲ ರಾತ್ರಿಗೆ. ಇನ್ನರ್ಧ ನಿಮ್ಮ ಜೊತೆಗೆ ನಿಲ್ಲುವವರಿಗೆ.

ನನ್ನ ತವರು ಧಾರವಾಡ. ನಾನೂ ನನ್ನ ಗಂಡನೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೆವು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಕುಬಸ (ಸೀಮಂತ) ಮುಗಿಸಿ ಕರೆದುಕೊಂಡು ಬಂದರು. ಡಾಕ್ಟರು ಕೊಟ್ಟ ದಿನ ಮೇ ತಿಂಗಳಲ್ಲಿತ್ತು. ಬ್ಯಾಸಿಗೆಯ ಹೆರಿಗೆ ಅನ್ನುವುದು ತಿಂಡಿ ಆರಿಸುವಾಗ ದೊಡ್ಡ ವಿಷಯ. ಚಾಕೊಲೇಟ್ ಕರಗುತ್ತದೆ, ಹಸಿ ಕೊಬ್ಬರಿ ಹಾಕಿದ್ದು ಒಂದೇ ದಿನಕ್ಕೆ ಹಳಸುತ್ತದೆ, ತುಪ್ಪದ ಉಂಡಿ ಡಬ್ಬಿಯಲ್ಲೇ ಮುದ್ದೆಯಾಗುತ್ತದೆ.

36ನೇ ವಾರದ ತಪಾಸಣೆಗೆ ಹೋದಾಗ ಡಾಕ್ಟರ್ ಮೇಡಂಗೆ ನೇರವಾಗಿ ಕೇಳಿದೆ. ನೋವು ಶುರುವಾದ ಮೇಲೆ ತಿನ್ನಬಹುದಾ? ಅವರು ಮೊದಲು ನಕ್ಕರು. ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಅತ್ತೆಯಂದಿರು ಕೇಳುತ್ತಾರಂತೆ. ಆಮೇಲೆ ಸಮಾಧಾನದಿಂದ ವಿವರಿಸಿದರು. ನೋವು ಬಿಟ್ಟು ಬಿಟ್ಟು ಬರುವ ಮೊದಲ ಹಂತ ಮನೆಯಲ್ಲೇ ಕಳೆಯುತ್ತದೆ. ಚೊಚ್ಚಲಲ್ಲಿ ಅದು ಬಹಳ ಹೊತ್ತು ಎಳೆಯಬಹುದು. ಆಗ ಹಗುರವಾದದ್ದು ತಿನ್ನಿ, ಕುಡಿಯಿರಿ. ನೋವು ಬಿಗಿಯಾಗಿ, ಗರ್ಭಕೋಶದ ಬಾಯಿ ತೆರೆದುಕೊಳ್ಳುವುದು ಮುಂದುವರಿದು, ಲೇಬರ್ ವಾರ್ಡಿಗೆ ಬಂದ ಮೇಲೆ ಅವರ ಆಸ್ಪತ್ರೆಯಲ್ಲಿ ತಿಳಿಯಾದ ಪಾನೀಯ ಮಾತ್ರ. ನೀರು, ಎಳನೀರು, ಚರಟ ಇಲ್ಲದ ಹಣ್ಣಿನ ರಸ, ಹಾಲು ಹಾಕದ ಚಹಾ. "ಹಾಲು ನಮ್ಮ ಲೆಕ್ಕದಲ್ಲಿ ಊಟ," ಅಂದರು. ಈ ಮಾತು ನನಗೆ ಹೊಸದು. ನಮ್ಮ ಮನೆಯಲ್ಲಿ ಏನೂ ತಿನ್ನಲಾಗದವರಿಗೆ ಕೊಡುವುದೇ ಹಾಲು, ಅಲ್ವಾ?

ಯಾಕೆ ಹೀಗೆ ಅಂತ ಮನೆಗೆ ಬಂದು ಓದಿದೆ. ಮೂಲ 1946ಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಅನ್ನುವ ಡಾಕ್ಟರು 1932ರಿಂದ 1945ರವರೆಗಿನ 44,016 ಹೆರಿಗೆಗಳ ದಾಖಲೆ ನೋಡಿದರು. ಅದರಲ್ಲಿ 66 ಹೆಂಗಸರಿಗೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಆಗ ಈಥರ್ ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿಸುವ ಕಾಲ. ಅಲ್ಲಿಂದ ಲೇಬರ್ ವಾರ್ಡಿನಲ್ಲಿ ಏನೂ ತಿನ್ನಬಾರದು ಅನ್ನುವ ನಿಯಮ ಲೋಕದ ತುಂಬ ಹರಡಿತು. ಈಗ ಸಿಸೇರಿಯನ್ನಿಗೆ ಬಹುಪಾಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಆ ಅಪಾಯ ತೀರಾ ಕಡಿಮೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ, ತೊಡಕಿನ ಸಂಭವ ಕಡಿಮೆ ಇರುವ ಹೆಂಗಸರು ನೋವಿನ ನಡುವೆ ತಿಂದು ಕುಡಿಯಬಹುದು ಅಂತಲೇ ಹೇಳಿದೆ. ಅಮೆರಿಕದ ಹೆರಿಗೆ ತಜ್ಞರ ಸಂಘ ಇನ್ನೂ ತಿಳಿ ಪಾನೀಯದ ಹತ್ತಿರವೇ ನಿಂತಿದೆ. ನಮ್ಮ ಊರುಗಳಲ್ಲಿ ಆಸ್ಪತ್ರೆಗೊಂದು ಪದ್ಧತಿ. ಅದಕ್ಕೇ ಪಟ್ಟಿ ಮಾಡುವ ಮುಂಚೆ ನಿಮ್ಮ ಆಸ್ಪತ್ರೆಯಲ್ಲೇ ಕೇಳಬೇಕು. ಸಿಸೇರಿಯನ್ ದಿನ ಮೊದಲೇ ನಿಗದಿಯಾಗಿದ್ದರೆ ಲೆಕ್ಕ ಇನ್ನೂ ಬಿಗಿ. ಎಣ್ಣೆಯಲ್ಲಿ ಕರಿದದ್ದಕ್ಕೆ 8 ಗಂಟೆ, ಹಗುರ ಊಟಕ್ಕೂ ಹಾಲಿಗೂ 6 ಗಂಟೆ, ತಿಳಿ ನೀರಿಗೆ 2 ಗಂಟೆ ಅಂತರ ಬೇಕು. ಸಿಸ್ಟರ್ ರಾತ್ರಿ 10ರ ಮೇಲೆ ಏನೂ ಬೇಡ ಅಂದರೆ ಅದೇ ಕೊನೆಯ ಮಾತು.

ಈ ಉತ್ತರ ಸಿಕ್ಕ ಮೇಲೆ ನನ್ನ ಕೆಲಸ ಹಗುರಾಯಿತು. ಒಂದು ಡಬ್ಬಿಯ ಬದಲು ಮೂರು ಗಂಟು ಮಾಡಿದೆ. ಕುಡಿಯುವುದರದ್ದು ಒಂದು. ಹೆರಿಗೆ ಆದ ಮೇಲೆ ನನಗೆ ಅಂತ ಒಂದು. ಅವ್ವನಿಗೂ ನನ್ನ ಗಂಡನಿಗೂ ಒಂದು. ಬಂದವರಿಗೆ ಹಂಚುವ ಪೇಢೆ ಬೇರೆ. ಧಾರವಾಡದಲ್ಲಿ ಕೂಸು ಹುಟ್ಟಿದರೆ ಪೇಢೆ ಇಲ್ಲದೆ ಆಗುತ್ತದಾ? ಆದರೆ ಪೇಢೆಯ ಪೊಟ್ಟಣ ತಿಂಡಿ ಚೀಲದಲ್ಲಿ ಇಡಬೇಡಿ. ಅದು ಆಯಾಗಳಿಗೆ, ಸಿಸ್ಟರುಗಳಿಗೆ, ಪಕ್ಕದ ಹಾಸಿಗೆಯವರಿಗೆ ಹೋಗುವ ಸಾಮಾನು. ಅದರ ಜೊತೆ ನಿಮ್ಮ ರಾತ್ರಿಯ ತಿಂಡಿಯೂ ಹಂಚಿಹೋಗುತ್ತದೆ.

ಇನ್ನು ಆರಿಸಿದ್ದು ಹೇಗೆ? ನಾನು ಮನೆಯಲ್ಲೇ ಪರೀಕ್ಷೆ ಮಾಡಿದೆ. ಮಂಚದ ಮೇಲೆ ಎಡ ಮಗ್ಗುಲಿಗೆ ಒರಗಿ, ಎಡಗೈಯಲ್ಲಿ ತಲೆದಿಂಬು ಅಪ್ಪಿಕೊಂಡು, ಬಲಗೈ ಒಂದರಿಂದಲೇ ತಿಂದು ನೋಡಿದೆ. ತಂಗಿ ನೋಡಿ ಬಿದ್ದು ಬಿದ್ದು ನಕ್ಕಳು. ನಗಲಿ. ಹಾಲೂಡಿಸುವಾಗ ನಿಮ್ಮ ಸ್ಥಿತಿ ಅದೇ. ಡಬ್ಬಿ ಒಂದೇ ಕೈಯಲ್ಲಿ ತೆರೆಯಬೇಕು. ಚಮಚ ಬೇಡವಾಗಿರಬೇಕು. ಪುಡಿ ಉದುರಬಾರದು, ಯಾಕೆಂದರೆ ಉದುರುವುದು ಕೂಸಿನ ಮೇಲೆ. ವಾಸನೆ ಹೊಡೆಯಬಾರದು. ಸಪ್ಪಳ ಮಾಡಬಾರದು. ಫ್ರಿಜ್ ಇಲ್ಲದೆ ಮೇ ತಿಂಗಳ ಸೆಕೆ ತಡೆಯಬೇಕು.

ಈ ಪರೀಕ್ಷೆಯಲ್ಲಿ ಮೊದಲು ಬಿದ್ದದ್ದು ಚುರಮುರಿ. ನಮ್ಮ ಕಡೆ ಚುರಮುರಿ ಇಲ್ಲದೆ ಸಂಜೆ ಆಗುವುದಿಲ್ಲ, ಆದರೆ ಒರಗಿಕೊಂಡು ತಿಂದರೆ ಅರ್ಧ ಹಾಸಿಗೆಗೆ. ಚಕ್ಕುಲಿ ಮುರಿದರೆ ರಾತ್ರಿ ವಾರ್ಡಿನ ತುಂಬ ಕೇಳುತ್ತದೆ. ಕ್ರೀಂ ಬಿಸ್ಕತ್ತು ಸಿಹಿ ಜಾಸ್ತಿ, ಹೊಟ್ಟೆಗೆ ಏನೂ ಇಲ್ಲ. ಪ್ಲಾಸ್ಟಿಕ್ ಪೊಟ್ಟಣದ ಚಿಪ್ಸ್ ಬಗ್ಗೆ ಹೇಳುವುದೇ ಬೇಡ. ಬ್ರೆಡ್ಡು ಬೇಗ ಬೂಸಲು ಹಿಡಿಯುತ್ತದೆ, ಒಣಗಿದರೆ ಗಂಟಲಿಗೆ ಇಳಿಯುವುದಿಲ್ಲ. ಬಾದಾಮಿ, ಗೋಡಂಬಿ ಒಳ್ಳೆಯವೇ, ಆದರೆ ಸುಮ್ನೆ ಒಣ ಬಾಯಲ್ಲಿ ಅಗಿಯಲು ಬೇಸರ.

ಗೆದ್ದದ್ದು ಕರದಂಟು. ಗೋಕಾಕದ್ದು ಅಂತ ಹೆಸರಾದರೂ ನಮ್ಮ ಮನೆಗೆ ಬರುವುದು ಬಾಗಲಕೋಟೆ ಕಡೆಯ ಅಮೀನಗಡದ್ದು. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ ಎಲ್ಲ ಬೆಲ್ಲದ ಪಾಕದಲ್ಲಿ ಕೂಡಿಸಿದ್ದು. ಅಂದರೆ ಬಾಣಂತಿಗೆ ಕೊಡುವ ಅಂಟಿನ ಉಂಡಿಯ ಸಾಮಾನುಗಳೇ ಹೆಚ್ಚುಕಡಿಮೆ ಇಲ್ಲೂ ಇವೆ, ಹೋಳಿನ ರೂಪದಲ್ಲಿ. ಕೆಡುವುದಿಲ್ಲ, ಉದುರುವುದಿಲ್ಲ, ಒಂದು ತುತ್ತಿಗೆ ಸಾಕಷ್ಟು ಶಕ್ತಿ. ಒಂದೇ ತೊಂದರೆ, ಅಂಗಡಿಯ ಹೋಳು ದೊಡ್ಡದು, ಕಚ್ಚಲು ಗಟ್ಟಿ. ಅದಕ್ಕೆ ಅಡಕೆ ಕತ್ತರಿಯಲ್ಲಿ ಬೆರಳ ತುದಿಯಷ್ಟು ತುಂಡು ಮಾಡಿ, ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟೆ. ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳಲಿಲ್ಲ.

ಅದರ ಜೊತೆಗೆ ಬೀಜ ತೆಗೆದ ಮೆತ್ತನೆಯ ಖರ್ಜೂರ. ಬೀಜ ಮನೆಯಲ್ಲೇ ತೆಗೆದಿಡಿ. ರಾತ್ರಿ ಹೊತ್ತು ಬೀಜ ಎಲ್ಲಿ ಹಾಕುವುದು ಅಂತ ಹುಡುಕುವ ತಾಪತ್ರಯ ಬೇಡ. ಕೊನೆಯ ತಿಂಗಳಲ್ಲಿ ದಿನಕ್ಕೆ 6 ಖರ್ಜೂರ ತಿಂದರೆ ಹೆರಿಗೆ ಸಲೀಸು ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ಆ ಸಂಖ್ಯೆ ಬಂದದ್ದು ಜೋರ್ಡಾನಿನ ಒಂದು ಅಧ್ಯಯನದಿಂದ. 69 ಮಂದಿ ತಿಂದಿದ್ದರು, 45 ಮಂದಿ ತಿಂದಿರಲಿಲ್ಲ. ಅಷ್ಟು ಸಣ್ಣ ಗುಂಪಿನ ಮೇಲೆ ನಾನಂತೂ ಆಸೆ ಇಟ್ಟುಕೊಳ್ಳಲಿಲ್ಲ. ರುಚಿಗೆ, ಹಸಿವಿಗೆ ತಿಂದೆ.

ಖಾರಕ್ಕೆ ಪುಟಾಣಿಗೆ, ಅಂದರೆ ಹುರಿಗಡಲೆಗೆ, ಸ್ವಲ್ಪ ಉಪ್ಪು, ಮೆಣಸಿನ ಕಾಳಿನ ಪುಡಿ. ಬರೀ ಸಿಹಿ ಇದ್ದರೆ ಎರಡನೇ ದಿನ ಬಾಯಿ ಕೆಡುತ್ತದೆ, ಖಾರದ್ದೊಂದು ಇರಲೇಬೇಕು. ಮತ್ತೆ ರಾಗಿ ಹುರಿಹಿಟ್ಟು ಒಂದು ಸಣ್ಣ ಡಬ್ಬಿ. ಬಿಸಿನೀರು ಸಿಕ್ಕರೆ ಲೋಟದಲ್ಲೇ ಕಲಸಿ ಕುಡಿಯಬಹುದು. ಬಾಳೆಹಣ್ಣು ಚೀಲದಲ್ಲಿ ಇಡುವ ವಸ್ತು ಅಲ್ಲ, ಆಸ್ಪತ್ರೆ ಎದುರಿನ ಗಾಡಿಯಲ್ಲಿ ಆ ದಿನವೇ ಕೊಳ್ಳುವುದು.

ಬಾಳೆಹಣ್ಣಿನ ಮಾತು ಬಂತು, ಆಯಿಯ ವಿಷಯ ಹೇಳಲೇಬೇಕು. ನನ್ನ ಅವ್ವನ ತಾಯಿ. ಹತ್ತಾರು ಬಾಣಂತನ ಮಾಡಿದ ಕೈ. ಅವರ ಪ್ರಕಾರ ಬಾಣಂತಿಗೆ ಬಾಳೆಹಣ್ಣು ತಂಪು, ಮೊಸರು ತಂಪು, ಮಾವಿನಹಣ್ಣು ನಂಜು, ಬದನೆಕಾಯಿ ನಂಜು, ಆಲೂಗಡ್ಡೆ ವಾಯು. "ನೀ ತಿಂದ್ರ ಕೂಸಿಗೆ ನೆಗಡಿ ಆಕ್ಕೈತಿ ನೋಡು," ಅನ್ನುವುದು ಅವರ ಕೊನೆಯ ಅಸ್ತ್ರ. ಡಾಕ್ಟರ್ ಮೇಡಂ ಪ್ರಕಾರ ಬಾಳೆಹಣ್ಣಿಗೂ ಕೂಸಿನ ನೆಗಡಿಗೂ ಸಂಬಂಧವಿಲ್ಲ. ಹೊಲಿಗೆ ಹಾಕಿದವರಿಗೆ ಮಲ ಗಟ್ಟಿಯಾಗದಂತೆ ಹಣ್ಣು, ನೀರು ಎರಡೂ ಬೇಕೇ ಬೇಕು.

ಇಬ್ಬರ ಜೊತೆಗೂ ಜಗಳ ಆಡುವ ತ್ರಾಣ ಒಂಬತ್ತನೇ ತಿಂಗಳಲ್ಲಿ ಯಾರಿಗಿರುತ್ತದೆ? ನಾನು ಆಯಿಯ ಪಟ್ಟಿಯಿಂದ ತೆಗೆದುಕೊಳ್ಳುವಷ್ಟು ತೆಗೆದುಕೊಂಡೆ. ಅಂಟಿನ ಉಂಡಿ, ಜೀರಿಗೆ ಹಾಕಿ ಕುದಿಸಿದ ನೀರು, ಮೆಣಸಿನ ಸಾರು, ಊಟದ ಮೇಲೆ ಅಜವಾನ, ಬಡೇಸೋಪು. ಇವೆಲ್ಲ ರುಚಿಯೂ ಹೌದು, ಯಾರಿಗೂ ತಕರಾರಿಲ್ಲ. ಬಿಟ್ಟದ್ದು ಒಂದೇ ಒಂದು, ಅದನ್ನು ಮಾತ್ರ ಗಟ್ಟಿಯಾಗಿ ಬಿಟ್ಟೆ. ನೀರು ಕಡಿಮೆ ಕುಡಿಯಬೇಕು ಅನ್ನುವ ಮಾತು. "ನೀರು ಭಾಳ ಕುಡೀಬ್ಯಾಡವಾ, ಹೊಟ್ಟಿ ಡೊಳ್ಳ ಬರ್ತೈತಿ," ಅಂತ ಆಯಿ. ಹಾಲೂಡಿಸುವವರಿಗೆ ಬಾಯಾರಿಕೆ ಹೇಗೆ ಬರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಕೂಸು ಬಾಯಿ ಹಾಕಿದ ಕೂಡಲೇ ಗಂಟಲು ಒಣಗುತ್ತದೆ. ಕುದಿಸಿ ಆರಿಸಿದ ಜೀರಿಗೆ ನೀರು ಅಂದರೆ ಆಯಿ ಸುಮ್ಮನಿರುತ್ತಿದ್ದರು. ಹಾಗಾಗಿ ನನ್ನ ಬಾಟಲಿಯಲ್ಲಿ ಯಾವಾಗಲೂ ಜೀರಿಗೆ ನೀರು. ಎಷ್ಟು ಸಲ ತುಂಬಿಸಿದೆ ಅಂತ ಅವರಿಗೆ ಲೆಕ್ಕ ಸಿಗಲಿಲ್ಲ.

ಅಂಟಿನ ಉಂಡಿಯನ್ನು ಮಾತ್ರ ಆಸ್ಪತ್ರೆಗೆ ಒಯ್ಯಲಿಲ್ಲ, ಮನೆಗೆ ಬಂದ ಮೇಲೆ ಶುರು ಮಾಡಿದೆ. ಆಯಿ ಮಾಡುವ ಉಂಡಿಯಲ್ಲಿ ತುಪ್ಪ, ಅಳವಿ, ಮೆಂತ್ಯ, ಜಾಜಿಕಾಯಿ ಎಲ್ಲ ಇರುತ್ತದೆ. ಮೊದಲ ಸಲ ಮಲ ಸರಿಯಾಗಿ ಹೋಗುವ ತನಕ ಅಷ್ಟು ಭಾರದ್ದು ಬೇಡ ಅಂತ ಮೇಡಂ ಹೇಳಿದ್ದರು. ಕರದಂಟಾದರೆ ಒಂದು ಸಣ್ಣ ತುಂಡು ತಿಂದು ನಿಲ್ಲಿಸಬಹುದು. ಆಯಿಯ ಉಂಡಿ ಅರ್ಧ ತಿಂದಿಟ್ಟರೆ ಅದೊಂದು ಪಂಚಾಯ್ತಿ.

ಕುಡಿಯುವ ಗಂಟಿನ ಬಗ್ಗೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಸ್ಟ್ರಾ ಇರುವ ನೀರಿನ ಬಾಟಲಿ. ಮಕ್ಕಳು ಶಾಲೆಗೆ ಒಯ್ಯುವಂಥದ್ದು. ನೋವಿನಲ್ಲಿ ಮಗ್ಗುಲಾಗಿ ಮಲಗಿದ್ದಾಗ ಲೋಟದಿಂದ ಕುಡಿಯಲು ಆಗುವುದಿಲ್ಲ, ತಲೆ ಎತ್ತಲೂ ಮನಸ್ಸಾಗುವುದಿಲ್ಲ. ಅವ್ವ ಸ್ಟ್ರಾ ಬಾಯಿಗೆ ಹಿಡಿಯುತ್ತಿದ್ದಳು, ನಾನು ಒಂದು ಗುಟುಕು ಎಳೆಯುತ್ತಿದ್ದೆ. ಎಳನೀರನ್ನು ಕಾಯಿ ಕೊಚ್ಚಿಸಿ ಆಗಲೇ ಕುಡಿಯಬೇಕು, ಬಾಟಲಿಗೆ ತುಂಬಿ ಸೆಕೆಯಲ್ಲಿ ಇಟ್ಟರೆ ಹುಳಿ ಬರುತ್ತದೆ.

ಇನ್ನೊಂದು ಓಆರ್‌ಎಸ್. ಇದನ್ನು ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ 1 ಲೀಟರ್ ನೀರಿಗೆ 20.5 ಗ್ರಾಂ, ಅದರಲ್ಲಿ ಗ್ಲೂಕೋಸ್ 13.5 ಗ್ರಾಂ ಅಷ್ಟೇ. ಇದೇ ಹೆಸರು ಹೊತ್ತ ಬಣ್ಣಬಣ್ಣದ ಟೆಟ್ರಾ ಪ್ಯಾಕುಗಳು ಮೆಡಿಕಲ್ ಶಾಪಿನಲ್ಲಿ ಪಕ್ಕದಲ್ಲೇ ಕೂತಿರುತ್ತಿದ್ದವು. ಅವುಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ ಆದೇಶ ಹೊರಡಿಸಿತು. ಆದರೂ ಓದಿಯೇ ಕೊಳ್ಳಿ. ಓಆರ್‌ಎಸ್ ಕುಡಿಯುವ ಮುಂಚೆ ಸಿಸ್ಟರಿಗೆ ಒಂದು ಮಾತು ಹೇಳಿ, ಬಿಪಿ ಅಥವಾ ಸಕ್ಕರೆ ತೊಂದರೆ ಇದ್ದವರಿಗೆ ಅವರು ಬೇಡ ಅನ್ನಬಹುದು.

ನೋವು ಬಂದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೆಯೇ ಕಥೆ. ತಿಂಡಿಯ ಮಟ್ಟಿಗೆ ಇಷ್ಟು. ಬೆಳಗಿನ ಜಾವ ಸಣ್ಣಗೆ ಬ್ಯಾನಿ ಶುರುವಾಯಿತು. ಅವ್ವ ಗಾಬರಿಯಾಗದೆ ಮೊದಲು ಇಡ್ಲಿ ಪಾತ್ರೆ ಒಲೆ ಮೇಲಿಟ್ಟಳು. "ಹಸದ ಹೊಟ್ಟೀಲೆ ಹೆಂಗ ಹಡೀತಿ?" ಇಡ್ಲಿ, ತೆಳ್ಳನೆಯ ಬೇಳೆ ಸಾರು, ಮೇಲೆ ಎಳನೀರು. ಖಾರ, ಎಣ್ಣೆ ಇಲ್ಲ. ನೋವಿನಲ್ಲಿ ಹಲವರಿಗೆ ವಾಂತಿಯಾಗುತ್ತದೆ, ನನಗೂ ಆಯಿತು, ತಿಂದದ್ದು ಹಗುರವಾಗಿದ್ದರೆ ವಾಂತಿಯೂ ಹಗುರ. ಆಸ್ಪತ್ರೆಗೆ ಹೋದ ಮೇಲೆ ಗುಟುಕು ಗುಟುಕಾಗಿ ನೀರು, ಒಂದೆರಡು ಸಲ ಸಕ್ಕರೆ ಹಾಕಿದ ನಿಂಬೆ ನೀರು. ಚೀಲದಲ್ಲಿ ಇಷ್ಟೆಲ್ಲ ಜೋಡಿಸಿ ಇಟ್ಟಿದ್ದು ಆ ಹೊತ್ತಿನಲ್ಲಿ ನೆನಪಿಗೂ ಬರಲಿಲ್ಲ. ಬಾಯಿಗೆ ಬೇಕಾಗಿದ್ದು ತಣ್ಣನೆಯ ನೀರು, ತುಟಿಗೆ ಸವರಲು ತುಪ್ಪ. ಈ ತುಪ್ಪದ ಡಬ್ಬಿ ಅವ್ವ ಇಟ್ಟದ್ದು, ಯಾವ ಪಟ್ಟಿಯಲ್ಲೂ ಇರಲಿಲ್ಲ. ನೋವಿನಲ್ಲಿ ಬಾಯಿಂದ ಉಸಿರಾಡಿ ತುಟಿ ಬಿರಿಯುತ್ತವೆ. ಖಂಡಿತ ಇಟ್ಟುಕೊಳ್ಳಿ.

ಮಗಳು ಹುಟ್ಟಿದ್ದು ಸಂಜೆ. ಆಸ್ಪತ್ರೆಯವರು ರಾತ್ರಿ ಗಂಜಿ, ಇಡ್ಲಿ ಕೊಟ್ಟರು. ಮನೆಯವರೆಲ್ಲ ಬಂದು ನೋಡಿ ಹೋದರು. ಆಗ ಹಸಿವೇ ಇಲ್ಲ, ಮೈಯೆಲ್ಲ ನಡುಕ, ನಿದ್ದೆ. ಎಚ್ಚರಾಗಿದ್ದು ನಡುರಾತ್ರಿ ಕಳೆದ ಮೇಲೆ, ಕೂಸು ಅತ್ತಾಗ. ಹಾಲಿಗೆ ಹಿಡಿದುಕೊಂಡೆ ನೋಡಿ, ಹಸಿವು ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗೆ ಬಂತು. ಜೀವನದಲ್ಲಿ ಅಂಥ ಹಸಿವು ಕಂಡಿಲ್ಲ. ಕ್ಯಾಂಟೀನ್ ಮುಚ್ಚಿತ್ತು, ಎದುರಿನ ಗಾಡಿಗಳು ಹೋಗಿದ್ದವು. ಅವ್ವ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ತಲೆದಿಂಬಿನ ಪಕ್ಕದ ಡಬ್ಬಿಯನ್ನು ಬಲಗೈಯಲ್ಲಿ ತೆರೆದೆ. ಕರದಂಟಿನ ತುಂಡು, ಖರ್ಜೂರ, ನಾಲ್ಕು ಕಾಳು ಪುಟಾಣಿ, ಮೇಲೆ ಜೀರಿಗೆ ನೀರು. ಸಪ್ಪಳವಿಲ್ಲ, ದೀಪ ಹಾಕಲಿಲ್ಲ. ಬೆಳಿಗ್ಗೆ ಬೆಣ್ಣೆ ಕಾಗದದ ಚೂರುಗಳನ್ನು ನೋಡಿದ ಅವ್ವ, "ಇಲಿ ಬಂದಿತ್ತೇನು?" ಅಂದಳು.

ಈ ಹಸಿವಿಗೆ ಕಾರಣ ಇದೆ. ಇಡೀ ದಿನ ದುಡಿದ ಮೈ, ಊಟವಿಲ್ಲ, ಮೇಲೆ ಹಾಲು ತಯಾರಾಗಬೇಕು. ಹಾಲೂಡಿಸುವ ಮೊದಲ 6 ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಬಸುರಿಯಾಗಿದ್ದಾಗ ಹೆಚ್ಚಿಗೆ ಬೇಕಾಗಿದ್ದಕ್ಕಿಂತಲೂ ಇದು ಜಾಸ್ತಿ.

ಸಿಸೇರಿಯನ್ ಆದವರ ಕಥೆ ಬೇರೆ. ನನ್ನ ಪಕ್ಕದ ಕೋಣೆಯಲ್ಲಿದ್ದವರಿಗೆ ಅದೇ ಆಗಿತ್ತು. ಮೊದಲು ಒಂದೆರಡು ಗುಟುಕು ನೀರು, ತಡೆದರೆ ಗಂಜಿಯ ತಿಳಿ, ಆಮೇಲೆ ಇಡ್ಲಿ. ಮೊದಲೆಲ್ಲ ಹೊಟ್ಟೆಯ ಗಾಳಿ ಹೋಗುವ ತನಕ ಏನೂ ಕೊಡುತ್ತಿರಲಿಲ್ಲ. ಈಗ ಬೇಗ ಶುರು ಮಾಡುವುದೇ ಒಳ್ಳೆಯದು ಅನ್ನುವ ಆಸ್ಪತ್ರೆಗಳು ಹೆಚ್ಚಾಗುತ್ತಿವೆ. ಚ್ಯೂಯಿಂಗ್ ಗಮ್ ಅಗಿದರೆ ಕರುಳು ಬೇಗ ಕೆಲಸ ಶುರು ಮಾಡುತ್ತದೆ ಅಂತ ಕೆಲವು ಡಾಕ್ಟರುಗಳು ಅದನ್ನೂ ಹೇಳುತ್ತಾರೆ. ಅವರ ಅತ್ತೆಗೆ ಮಾತ್ರ ಬಾಣಂತಿ ಸೊಸೆ ಗಮ್ ಅಗಿಯುವುದು ನೋಡಿ ಬಹಳ ಕಸಿವಿಸಿ. ಸಿಸೇರಿಯನ್ ಖಚಿತವಾಗಿದ್ದರೆ ಕರದಂಟು, ಪುಟಾಣಿ ಎಲ್ಲ ಎರಡನೇ ದಿನಕ್ಕೆ ಎತ್ತಿಡಿ. ಮೊದಲ ದಿನಕ್ಕೆ ಚೀಲದಲ್ಲಿ ಬೇಕಾಗಿದ್ದು ಸ್ಟ್ರಾ ಬಾಟಲಿ, ಗಂಜಿಗೆ ಚಿಟಿಕೆ ಉಪ್ಪು, ಜೀರಿಗೆ ಪುಡಿ. ಗಂಜಿ ಸಪ್ಪೆಯಾಗಿ ಬರುತ್ತದೆ.

ಅದರ ಮರುವರ್ಷ ನನ್ನ ತಂಗಿಯ ಸರದಿ ಬಂತು. ಅವಳಿಗೆ ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತು. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ನೋಡುತ್ತಾರಲ್ಲ, ಅದರಲ್ಲಿ 140 ದಾಟಿತ್ತು. ನನ್ನ ಡಬ್ಬಿ ಅವಳಿಗೆ ನಡೆಯುವುದಿಲ್ಲ. ಕರದಂಟು, ಖರ್ಜೂರ ತೆಗೆದು ಹುರಿದ ಶೇಂಗಾ, ಪುಟಾಣಿ, ಬಾದಾಮಿ ಹಾಕಿದೆವು. ಬೇಯಿಸಿದ ಮೊಟ್ಟೆಯನ್ನು ಅವಳ ಗಂಡ ಹೊತ್ತುಹೊತ್ತಿಗೆ ಮನೆಯಿಂದ ತಂದ. ಮೊಟ್ಟೆ ಚೀಲದಲ್ಲಿ ಇಟ್ಟು ಮರೆತರೆ ಇಡೀ ವಾರ್ಡಿಗೆ ಗೊತ್ತಾಗುತ್ತದೆ.

ಇನ್ನು ಜೊತೆಗೆ ನಿಲ್ಲುವವರ ಗಂಟು. ಇದನ್ನು ಬಹಳ ಜನ ಮರೆಯುತ್ತಾರೆ. ನೋವು ತಿನ್ನುವವಳಿಗೆ ಹಸಿವಿರುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತವರಿಗೆ ಇರುತ್ತದೆ. ಡಾಕ್ಟರು ಯಾವಾಗ ಕರೆಯುತ್ತಾರೋ ಅಂತ ಅವರು ಎದ್ದು ಹೋಗುವುದಿಲ್ಲ. ನನ್ನ ಗಂಡನಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು. ಕಡಕ್ ರೊಟ್ಟಿ ವಾರಗಟ್ಟಲೆ ಇದ್ದರೂ ಕೆಡುವುದಿಲ್ಲ. ಆದರೆ ಅದನ್ನು ಮುರಿಯುವ ಸಪ್ಪಳ, ಚಟ್ನಿಪುಡಿಯ ಬೆಳ್ಳುಳ್ಳಿ ವಾಸನೆ, ಎರಡಕ್ಕೂ ವಾರ್ಡಿನೊಳಗೆ ಜಾಗವಿಲ್ಲ. ಹೊರಗಿನ ಮರದ ಕೆಳಗೆ ಕಳಿಸಿದೆವು. ಅಲ್ಲಿ ಇನ್ನೂ ನಾಲ್ಕು ಮಂದಿ ಗಂಡಂದಿರು ಕಾಯುತ್ತ ಕೂತಿದ್ದರಂತೆ, ರೊಟ್ಟಿ ಎಲ್ಲರಿಗೂ ಹಂಚಿ ಬಂದ. ಅವ್ವನಿಗೆ ಸೋಮವಾರ ಉಪವಾಸ. ಹೆರಿಗೆ ಯಾವ ವಾರ ಆಗುತ್ತದೋ ಯಾರಿಗೆ ಗೊತ್ತು? ಅವಳಿಗೆ ಹುರಿದ ಸಾಬೂದಾನಿ, ಶೇಂಗಾ ಉಂಡಿ, ಬಾಳೆಹಣ್ಣು ಬೇರೆ. ನಿಮ್ಮ ಜೊತೆ ನಿಲ್ಲುವವರಿಗೆ ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಮಾತ್ರೆ ಇದೆಯೇ ಅಂತ ಕೇಳಿಕೊಂಡೇ ಡಬ್ಬಿ ತುಂಬಿ. ಅವರು ತಲೆ ಸುತ್ತಿ ಬಿದ್ದರೆ ನಿಮ್ಮನ್ನು ನೋಡುವವರು ಯಾರು?

ಸರಕಾರಿ ಆಸ್ಪತ್ರೆಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ತಾಯಿಗೆ ಊಟ ಉಚಿತ. ನಾರ್ಮಲ್ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನದವರೆಗೆ. ಕೇಳಿ ಪಡೆಯಿರಿ, ನಾಚಿಕೆ ಬೇಡ. ಆದರೆ ಅದು ತಾಯಿಗೆ ಮಾತ್ರ, ಜೊತೆಗಿರುವವರಿಗಲ್ಲ. ಊಟದ ಹೊತ್ತು ಬಿಟ್ಟು ನಡುರಾತ್ರಿಯ ಹಸಿವಿಗೂ ಅಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ತನ್ನ ಮಗಳ ಹೆರಿಗೆಗೆ ಕಟ್ಟಿದ್ದು ಶೇಂಗಾ ಚಿಕ್ಕಿ, ಬೆಲ್ಲ, ಪುಟಾಣಿ, ಒಂದು ಥರ್ಮಾಸ್ ಬಿಸಿನೀರು. ನನ್ನ ಡಬ್ಬಿಗಿಂತ ಅದು ಯಾವ ರೀತಿಯಲ್ಲೂ ಕಡಿಮೆಯಿಲ್ಲ.

ಡಬ್ಬಿಗಳ ಬಗ್ಗೆ: ಸ್ಟೀಲಿನವು, ಬಿಗಿ ಮುಚ್ಚಳದವು, ಸಣ್ಣವು. ಆಸ್ಪತ್ರೆಯ ಕಪಾಟಿನಲ್ಲಿ ಇರುವೆ ಇರುತ್ತವೆ, ಬೆಲ್ಲದ ವಾಸನೆಗೆ ಎಲ್ಲಿಂದಲೋ ಸಾಲು ಹಿಡಿದು ಬರುತ್ತವೆ. ಒಂದು ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣವು ಮೇಲು, ಒಂದನ್ನು ಇರುವೆ ಹಿಡಿದರೆ ಉಳಿದವು ಇರುತ್ತವೆ. ಮುಚ್ಚಳದ ಮೇಲೆ ಕಾಗದ ಅಂಟಿಸಿ ಬರೆಯಿರಿ. ನಾನು ಒಂದರ ಮೇಲೆ 'ನನಗೆ', ಇನ್ನೊಂದರ ಮೇಲೆ 'ಅವ್ವಗ' ಅಂತ ಬರೆದಿದ್ದೆ. ಆದರೂ ನೋಡಲು ಬಂದ ಮಾವ 'ನನಗೆ' ಅನ್ನುವುದನ್ನೇ ತೆರೆದು ತಿನ್ನುತ್ತ ಕೂತಿದ್ದರು. ಅವರ ಪ್ರಕಾರ ಓದಿದವರು ಯಾರೋ ಅವರಿಗೆ. ಬಂದವರು ತಂದ ಆಪೂಸ್ ಹಣ್ಣು ಆಯಿಯ ಕಣ್ಣೆದುರೇ ಆ ಮಾವನ ಜೊತೆ ವಾಪಸು ಹೋದವು. ಮೇ ತಿಂಗಳಲ್ಲಿ ಧಾರವಾಡದಲ್ಲಿದ್ದೂ ಮಾವು ಸಿಗಲಿಲ್ಲ ಅನ್ನುವ ಹೊಟ್ಟೆಕಿಚ್ಚು ನನಗೆ ಇನ್ನೂ ಇದೆ.

ಮಾತ್ರೆಗಳ ಲೆಕ್ಕವೂ ಈ ಡಬ್ಬಿಯ ಜೊತೆಗೇ ಸೇರಿದ್ದು. ಹೆರಿಗೆ ಆದ ಮೇಲೂ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು, ಕ್ಯಾಲ್ಸಿಯಂ ಬೇರೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಚಹಾ, ಹಾಲು ಬೇಡ, ನಿಂಬೆ ನೀರು ಒಳ್ಳೆಯದು. ಆಸ್ಪತ್ರೆಯಲ್ಲಿ ಬೆಳಗಿನ ಹಾಲು, ಮಾತ್ರೆ ಎರಡೂ ಒಂದೇ ಹೊತ್ತಿಗೆ ಬರುತ್ತವೆ. ನಾನು ಹಾಲು ಕುಡಿದು, ಮಾತ್ರೆಯನ್ನು ಊಟದ ನಂತರಕ್ಕೆ ಇಟ್ಟುಕೊಳ್ಳಬಹುದಾ ಅಂತ ಸಿಸ್ಟರಿಗೆ ಕೇಳಿದೆ, ಹೂಂ ಅಂದರು.

ಕೊನೆಗೆ ಡಿಸ್ಚಾರ್ಜ್ ದಿನ. ಆ ದಿನಕ್ಕೆ ಅಂತ ಒಂದು ಡಬ್ಬಿ ತೆರೆಯದೆ ಉಳಿಸಿಕೊಳ್ಳಿ. ಬೆಳಿಗ್ಗೆ ಮೇಡಂ ಬಂದು ಮನೆಗೆ ಹೋಗಬಹುದು ಅಂದರೆ ಆಸ್ಪತ್ರೆಯ ಲೆಕ್ಕದಲ್ಲಿ ನೀವು ಆಗಲೇ ಹೋದ ಹಾಗೆ, ಮಧ್ಯಾಹ್ನದ ಊಟ ನಿಮ್ಮ ಹೆಸರಿಗೆ ಬರುವುದಿಲ್ಲ. ಬಿಲ್ಲು, ಇನ್ಶೂರೆನ್ಸ್ ಒಪ್ಪಿಗೆ, ಕೂಸಿನ ಲಸಿಕೆ ಚೀಟಿ, ಜನನ ನೋಂದಣಿಯ ಅರ್ಜಿ ಎಲ್ಲ ಮುಗಿಯುವಾಗ ಸಂಜೆಯಾಗುತ್ತದೆ. ಚೀಲವೆಲ್ಲ ಕಟ್ಟಿ, ಸೀರೆ ಉಟ್ಟು, ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತಿರುತ್ತೀರಿ, ಹಸಿವು ಮತ್ತೆ ಶುರುವಾಗಿರುತ್ತದೆ. ಆ ಡಬ್ಬಿಯನ್ನು ಚೀಲದ ಅಡಿಗೆ ಹಾಕಬೇಡಿ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮಾವಂದಿರು ಆ ದಿನವೂ ಬರುತ್ತಾರೆ.